ಕಟಿಂಗ್ ಟೇಬಲ್ಲಿನ ಮೇಲೆ ಬಸಣ್ಣ ಮಾಸ್ಟರ್

ನನ್ನ ಮೊಮ್ಮಗಳಿಗೆ ಇವತ್ತು ಬೆಳಿಗ್ಗೆ ಕಿವಿ ಕೇಳಿಸಿತು. ಮೂರು ವರ್ಷದ ಕೂಸು, ಹುಟ್ಟಿದಾಗಿನಿಂದ ಪಕ್ಕದಲ್ಲಿ ಪಟಾಕಿ ಹೊಡೆದರೂ ರೆಪ್ಪೆ ಅಲುಗಿಸದಿದ್ದ ಕೂಸು. ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರಮ್ಮ ಅದರ ಕಿವಿಯ ಹಿಂದಿನ ಮಿಷನ್ ಚಾಲೂ ಮಾಡಿ, "ಈಗ ಕರೀರಿ" ಅಂದರು. ನನ್ನ ಸೊಸೆ ಸುಜಾತಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಗ ಮಲ್ಲೇಶ ಗೋಡೆಯ ಕಡೆ ತಿರುಗಿ ನಿಂತುಬಿಟ್ಟಿದ್ದ. ಕೊನೆಗೆ ನಾನೇ ಕೂಸಿನ ಬೆನ್ನ ಹಿಂದೆ ಕುಕ್ಕರುಗಾಲಲ್ಲಿ ಕುಂತು, "ಸಿಂಚೂ" ಅಂತ ಕರೆದೆ. ಸಿಂಚನಾ ತಿರುಗಿ ನೋಡಿದಳು. ನೋಡಿ ಹೆದರಿ ಅತ್ತಳು. ತನ್ನ ಅಳು ತನಗೇ ಕೇಳಿ ಅಳುವುದನ್ನು ನಿಲ್ಲಿಸಿದಳು. ಆಮೇಲೆ ಇದೇನೋ ಚೆನ್ನಾಗಿದೆಯಲ್ಲ ಅನ್ನುವ ಹಾಗೆ ಇನ್ನೊಮ್ಮೆ ಸ್ವಲ್ಪ ಅತ್ತು ನೋಡಿದಳು.

"ಅಜ್ಜಿ, ಅದು ತನ್ನ ಹೆಸರು ಅಂತ ಅವಳಿಗಿನ್ನೂ ಗೊತ್ತಿಲ್ಲ. ಬರೀ ಸದ್ದು ಅಷ್ಟೇ. ಮಾತು ಕಲಿಯೋಕೆ ವರ್ಷಗಳೇ ಬೇಕು" ಅಂದರು ಡಾಕ್ಟರಮ್ಮ. ಬೇಕಾದಷ್ಟು ವರ್ಷ ಆಗಲಿ. ಕರೆದರೆ ತಿರುಗುತ್ತಾಳಲ್ಲ, ನನಗೆ ಅದೇ ಬೇಕಾಗಿತ್ತು.

ಮನೆಗೆ ಬರುವ ದಾರಿಯಲ್ಲಿ ಕಂಡಕಂಡವರಿಗೆಲ್ಲ ಹೇಳಿದೆ. ಮಗನ ಆಟೋ ಅಲ್ಲಲ್ಲಿ ನಿಲ್ಲಿಸಿ ಹೇಳಿದೆ. ಕೌಲ್ ಬಜಾರಿನಲ್ಲಿ ಬಾಳೆಹಣ್ಣಿನ ಗಾಡಿಯವನಿಗೆ, ಬೀಗ ರಿಪೇರಿಯವನಿಗೆ, ನನ್ನ ಹೆಸರೂ ಗೊತ್ತಿರದ ಒಬ್ಬ ಮುದುಕಿಗೆ ಹೇಳಿದೆ. ಹೇಳಲೇಬೇಕಾಗಿದ್ದ ಒಬ್ಬ ಮನುಷ್ಯನಿಗೆ ಮಾತ್ರ ಹೇಳಲು ಆಗಲಿಲ್ಲ. ಬಸಣ್ಣ ಮಾಸ್ಟರಿಗೆ.

ಬಸಣ್ಣನನ್ನು ಮೊದಲ ಸಲ ನೋಡಿದವರು ನಗುತ್ತಿದ್ದರು. ಹಣೆಯ ತುಂಬ ವಿಭೂತಿ, ಮೊಣಕಾಲಿನ ಮೇಲೆ ಎತ್ತಿ ಕಟ್ಟಿದ ಪಂಚೆ, ಕಿವಿಯ ಸಂದಿಯಲ್ಲಿ ಸೀಮೆಸುಣ್ಣದ ತುಂಡು. ಅವನ ಮುಂದೆ ಉದ್ದದ ಟೇಬಲ್ಲಿನ ಮೇಲೆ ಪದರ ಪದರವಾಗಿ ಹಾಸಿದ ಜೀನ್ಸ್ ಬಟ್ಟೆ. ಕಟಿಂಗ್ ಮಿಷನ್ನಿನ ಬ್ಲೇಡು ಆ ಗುಡ್ಡೆಯೊಳಗೆ ನುಗ್ಗುವಾಗ ಸೊಂಟದಿಂದ ಮೇಲಿನ ಬಸಣ್ಣ ಕಲ್ಲಿನ ನಂದಿಯ ಹಾಗೆ ಅಲುಗದೆ ನಿಂತಿರುತ್ತಿದ್ದ. ಸೊಂಟದಿಂದ ಕೆಳಗಿನ ಬಸಣ್ಣ ಕುಣಿಯುತ್ತಿದ್ದ. ಅದೂ ಎಂಥ ಹಾಡಿಗೆ? ಭೂಮಿಯ ಆಚೆ ಮಗ್ಗುಲಿನ ಯಾವುದೋ ಊರಿನ ರೇಡಿಯೋದಲ್ಲಿ ಬರುವ ಸ್ಪ್ಯಾನಿಷ್ ಹಾಡಿಗೆ. ಅರವತ್ತರ ಹತ್ತಿರದ, ಕುರುಗೋಡಿನ ಮನುಷ್ಯ. ಇಷ್ಟಲಿಂಗ ಪೂಜೆ ಆಗದೆ ಚಹಾ ಕುಡಿಯದವನು.

ಅವನ ಕೈ ನೀಲಿಯಾಗಿತ್ತು. ಜೀನ್ಸಿನ ಬಣ್ಣ ಹತ್ತಿ ಹತ್ತಿ ಉಗುರಿನ ಬುಡದಲ್ಲಿ ನಿಂತಿದ್ದು ಸೋಪಿಗೂ ಹೋಗುತ್ತಿರಲಿಲ್ಲ, ಸೀಮೆಎಣ್ಣೆಗೂ ಹೋಗುತ್ತಿರಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಓವರ್‌ಲಾಕ್ ಮಿಷನ್ನಿನ ಕಾಸಿಂ ಅವನ ತಾಟಿನೊಳಗೆ ಬಗ್ಗಿ ನೋಡುತ್ತಿದ್ದ.

"ಮಾಸ್ಟರ್, ಮೊಸರನ್ನಕ್ಕೂ ಕಲರ್ ಹತ್ತೈತಿ ನೋಡ್ರಿ. ಒಂದ್ಸಲ ವಾಷಿಂಗಿಗೆ ಕಳಸ್ರಿ."

"ನಿನ್ನ ಬಾಯಿ ಕಳಸ್ತೀನಿ ತಡಿ ವಾಷಿಂಗಿಗೆ" ಅನ್ನುತ್ತಿದ್ದ ಬಸಣ್ಣ, ತಲೆ ಎತ್ತದೆ.

ನಾನು ಬಳ್ಳಾರಿಯ ಆ ಜೀನ್ಸ್ ಕಾರ್ಖಾನೆಯಲ್ಲಿ ದಾರ ಕತ್ತರಿಸುವವಳು. ಹೊಲಿದು ಬಂದ ಪ್ಯಾಂಟುಗಳಲ್ಲಿ ಜೋತುಬಿದ್ದ ದಾರದ ತುದಿಗಳನ್ನು ಕತ್ತರಿಸಿ ಒಗೆಯುವುದು ನನ್ನ ಕೆಲಸ. ಕಾರ್ಖಾನೆ ಅಂದರೆ ದೊಡ್ಡದೇನಲ್ಲ, ಓಣಿಯೊಳಗಿನ ಒಂದು ಮಾಳಿಗೆ ಮನೆ. ಕೆಳಗೆ ಕಟಿಂಗ್ ಟೇಬಲ್ಲು, ಅದರ ಸುತ್ತ ಹೊಲಿಗೆ ಮಿಷನ್ನುಗಳು. ಬಸಣ್ಣನ ಒಬ್ಬಳೇ ಮಗಳು ಪವಿತ್ರಾ ಅಲ್ಲೇ ಕಾಜಾ ಗುಂಡಿ ಕೆಲಸ ಮಾಡುತ್ತಿದ್ದಳು. ತಾಯಿ ಇಲ್ಲದ ಹುಡುಗಿ. ಅಪ್ಪ ಮಗಳು ಒಂದೇ ಬುತ್ತಿ ತರುತ್ತಿದ್ದರು, ಒಂದೇ ಸಿಟ್ಟು ತರುತ್ತಿದ್ದರು. ಒಬ್ಬರು ಮುನಿಸಿಕೊಂಡರೆ ಇನ್ನೊಬ್ಬರೂ ಅವತ್ತು ಮಾತಾಡುತ್ತಿರಲಿಲ್ಲ.

ಆ ರೇಡಿಯೋ ತಂದವಳು ಪವಿತ್ರಾನೇ. ಅದಕ್ಕೆ ಮೊದಲು ನಮ್ಮಲ್ಲಿ ಹಾಡಿನ ಜಗಳ ಮುಗಿಯುತ್ತಿರಲಿಲ್ಲ. ಆಂಧ್ರದ ಕಡೆಯ ಹುಡುಗರಿಗೆ ತೆಲುಗು ಹಾಡೇ ಬೇಕು, ಅದರಲ್ಲೂ ಇವನ ಹೀರೋ ಹಾಡು ಹಾಕಿದರೆ ಅವನಿಗೆ ಆಗದು. ಕಾಸಿಂನ ಕಡೆಯವರಿಗೆ ಹಿಂದಿ. ನಮಗೆ ಕನ್ನಡ. ಒಂದು ದಿನ ಜಗಳ ಹೆಚ್ಚಾಗಿ ಯಾರೋ ಯಾರಿಗೋ ದಾರ ಸುತ್ತಿದ ಕಬ್ಬಿಣದ ಬಾಬಿನ್ ಎಸೆದರು. ಅದು ಬಸಣ್ಣನ ಹಣೆಗೆ ಬಡಿಯಿತು. ವಿಭೂತಿಯ ಮೇಲೆ ಕುಂಕುಮದ ಹಾಗೆ ರಕ್ತ.

ಪವಿತ್ರಾ ಸಿಟ್ಟಿಗೆದ್ದು ತನ್ನ ಫೋನು ತೆಗೆದು, ಲೋಕದ ರೇಡಿಯೋಗಳೆಲ್ಲ ಬರುವ ಒಂದು ಆ್ಯಪಿನೊಳಗೆ ಬೆರಳಾಡಿಸಿ, ಯಾರಿಗೂ ತಿಳಿಯದ ಒಂದು ಭಾಷೆಯ ಸ್ಟೇಷನ್ ಹಚ್ಚಿ ಸ್ಪೀಕರ್ ಡಬ್ಬಿಗೆ ಜೋಡಿಸಿದಳು. "ಇದು ನಿಮ್ಮಪ್ಪಂದೂ ಅಲ್ಲ, ನಮ್ಮಪ್ಪಂದೂ ಅಲ್ಲ. ಇನ್ನ ಇದ ಹಾಡು. ಬ್ಯಾಡಂದಾವ್ರು ಕಿವ್ಯಾಗ ಹತ್ತಿ ಇಟ್ಕೋರಿ."

ಡೋಲಿನಂಥ ಒಂದು ಸದ್ದು, ಮರಳು ತುಂಬಿದ ಡಬ್ಬಿ ಅಲ್ಲಾಡಿಸಿದ ಸದ್ದು, ತುತ್ತೂರಿ. ನಡುನಡುವೆ ಒಬ್ಬ ಗಂಡಸು ಉಸಿರು ಬಿಡದೆ ಮಾತಾಡಿ, ಲಾರಿಯ ಹಾರನ್ನು ಹೊಡೆದು, ತಾನೇ ನಗುತ್ತಿದ್ದ. ಸಂಜೆಯ ಹೊತ್ತಿಗೆ ಒಂದು ಸಂಗತಿ ಎಲ್ಲರಿಗೂ ತಿಳಿಯಿತು. ಆ ಹಾಡಿನ ತಾಳ ಮಿಷನ್ನಿನ ಪೆಡಲ್ಲಿಗೆ ಸರಿಹೊಂದುತ್ತಿತ್ತು. ಜಗಳವಾಡಲು ಅದರಲ್ಲಿ ಯಾರ ಹೀರೋನೂ ಇರಲಿಲ್ಲ. ಬಿಸಿಲ ಸೀಮೆಯ ಹಾಡುಗಳಂತೆ ಅವು, ಕಾಸಿಂ ಫೋನಿನಲ್ಲಿ ಕೇಳಿ ತಿಳಿದುಕೊಂಡ. ಬಸಣ್ಣ ಮಿಷನ್ ನಿಲ್ಲಿಸಿ, "ಹಂಗನ್ನು ಮತ್ತ. ಬಿಸಿಲು ತಿಂದಾವ್ರ ಹಾಡು ಅಂತ ಕೇಳಿದ ಕೂಡ್ಲೇ ಗೊತ್ತಾತು. ಇವ್ರು ನಮ್ಮಂಥಾವ್ರೇ" ಅಂದ. ಅಂದಿನಿಂದ ಅವನ ಕಾಲು ನಿಲ್ಲಲಿಲ್ಲ.

ಆ ಸ್ಟೇಷನ್ನಿನ ಹೆಸರು ನನ್ನ ಬಾಯಿಗೆ ತಿರುಗುವುದಿಲ್ಲ. ಫೋನಿನಲ್ಲಿ ಆ ಹೆಸರು ಒತ್ತಿದರೆ ಅದೇ ಹೆಸರಿನವು ಒಂದರ ಕೆಳಗೊಂದು ಸಾಲಾಗಿ ಬರುತ್ತಿದ್ದವು, ಊರಿಗೊಂದು. ಎಲ್ಲ ಒಂದೇ ಮಾಲೀಕರ ನೆಟ್‌ವರ್ಕು. ಹಾಡು ಅವೇ, ಹಾರನ್ನೂ ಅದೇ, ಮಾತಾಡುವವರು ಮಾತ್ರ ಬೇರೆ ಬೇರೆ. "ಒಂದೇ ಹೋಟೆಲಿನ ಬ್ರಾಂಚಿದ್ದಂಗ" ಅನ್ನುತ್ತಿದ್ದ ಕಾಸಿಂ. ನಾವು ಹಚ್ಚುತ್ತಿದ್ದದ್ದು ಎಲ್ಲಕ್ಕಿಂತ ಮೇಲಿನದು, ಆ ಹಾರನ್ನಿನ ಗಂಡಸಿನದು. ಅವನು ಮಾತಿಗೊಮ್ಮೆ "ಸಲುದೋಸ್, ಸಲುದೋಸ್" ಅನ್ನುತ್ತಿದ್ದ. ನಮಸ್ಕಾರ ಅಂತ ಅದರ ಅರ್ಥವಂತೆ. ನಮ್ಮ ಓಣಿಯಲ್ಲಿ ಅದೇ ರೂಢಿಯಾಯಿತು. ಬೆಳಿಗ್ಗೆ ಬಾಗಿಲಲ್ಲಿ ಚಪ್ಪಲಿ ಬಿಡುವಾಗ "ಸಲುದೋಸ್ ಮಾಸ್ಟರ್" ಅಂದರೆ, ಬಸಣ್ಣ ಗಂಭೀರವಾಗಿ, "ಸಲುದೋಸ್, ಶರಣು, ಬರ್ರಿ" ಅನ್ನುತ್ತಿದ್ದ.

ನನ್ನ ಮೊಮ್ಮಗಳು ಅಲ್ಲಿಗೆ ಬರಲು ಶುರುಮಾಡಿದ್ದು ಆಮೇಲೆ. ಸೊಸೆ ಕಂಟೋನ್ಮೆಂಟಿನಲ್ಲಿ ಮನೆಗೆಲಸಕ್ಕೆ ಹೋಗುತ್ತಿದ್ದಳು, ಕೂಸು ನನ್ನ ಜೊತೆ. ಕಿವಿ ಕೇಳದ ಕೂಸು ಅಂತ ತಿಳಿದ ಮೇಲೆ ನಾನು ಹರಕೆ ಹೊತ್ತಿದ್ದೆ, ತಾಯಿತ ಕಟ್ಟಿಸಿದ್ದೆ, ಕೊನೆಗೆ ಕೈಚೆಲ್ಲಿ ಕುಂತಿದ್ದೆ. ಒಂದು ದಿನ ಬಸಣ್ಣ ಅವಳನ್ನು ಎತ್ತಿ ಕಟಿಂಗ್ ಟೇಬಲ್ಲಿನ ಮೇಲೆ ಕೂಡಿಸಿ, ಅವಳ ಅಂಗೈಯನ್ನು ಸ್ಪೀಕರ್ ಡಬ್ಬಿಯ ಮೇಲೆ ಇಟ್ಟ. ಕೂಸು ಡಬ್ಬಿಯನ್ನೇ ನೋಡಿತು. ಆಮೇಲೆ ಅದರ ಹಿಮ್ಮಡಿ ಟೇಬಲ್ಲಿಗೆ ತಟ್ಟತೊಡಗಿತು. ತಾಳ ಒಂಚೂರೂ ತಪ್ಪಲಿಲ್ಲ.

"ಕಿವುಡ ಕೂಸಿಗೆ ರೇಡಿಯೋ ತೋರಿಸ್ತಾನ ನೋಡು" ಅಂತ ಯಾರೋ ನಕ್ಕರು.

"ನಿಮಗ ಇರೋವು ಎರಡ ಕಿವಿ. ಇಕಿಗೆ ಅಂಗೈ ತುಂಬ ಕಿವಿ ಅದಾವ" ಅಂದ ಬಸಣ್ಣ. ಅಂದಿನಿಂದ ದಿನಾಲೂ ಸಿಂಚನಾಳ ಕೈ ಆ ಡಬ್ಬಿಯ ಮೇಲೆ.

ಆ ವರ್ಷವೇ ಪವಿತ್ರಾ ಹೊರಟುಹೋದಳು. ಜಿಪ್ ಹೊಲಿಯುವ ತಿಪ್ಪೇಶ ಅನ್ನುವ ಹುಡುಗನ ಜೊತೆ ರಿಜಿಸ್ಟರ್ ಮದುವೆ ಮಾಡಿಕೊಂಡು ಅವನ ಊರು ಸಿರುಗುಪ್ಪಕ್ಕೆ. ಒಳ್ಳೆಯ ಹುಡುಗ, ಕೆಲಸಗಾರ. ಜಾತಿ ಬೇರೆ. ಬಸಣ್ಣನಿಗೆ ಸಿಟ್ಟು ಬಂದದ್ದು ಹೌದು, ಆದರೆ ಅದು ಅಪ್ಪನ ಸಿಟ್ಟು, ಬುತ್ತಿ ಹಂಚಿಕೊಳ್ಳುವವರ ಸಿಟ್ಟು. ಬಿಟ್ಟಿದ್ದರೆ ಹಬ್ಬದ ಹೊತ್ತಿಗೆ ಇಳಿಯುತ್ತಿತ್ತು. ಕುರುಗೋಡಿನ ಅಣ್ಣತಮ್ಮಂದಿರು ಬಿಡಲಿಲ್ಲ. ಮನೆತನದ ಹಿರಿಯರು ಕರೆಸಿ, ನಡುಮನೆಯಲ್ಲಿ ಕೂಡಿಸಿ, ಹೊಲದ ಮಣ್ಣು ಮುಷ್ಟಿಯಲ್ಲಿ ಹಿಡಿಸಿ ಆಣೆ ಮಾಡಿಸಿದರು. ಈ ಮಣ್ಣಿನ ಮೇಲೆ ನಿಂತು ಅವಳ ಹೆಸರು ಎತ್ತುವುದಿಲ್ಲ, ಅವಳ ಹೊಸ್ತಿಲು ತುಳಿಯುವುದಿಲ್ಲ, ಯಾರ ಕೈಲೂ ಮಾತು ಹೇಳಿ ಕಳಿಸುವುದಿಲ್ಲ. ತಪ್ಪಿದರೆ ತನಗೆ ಕೇಡಾಗಲಿ ಅಂತ ಹೇಳಿಸಿದ್ದರೆ ಬಸಣ್ಣ ಬಳ್ಳಾರಿ ಬಸ್ಸು ಹತ್ತುವ ಮೊದಲೇ ಮುರಿಯುತ್ತಿದ್ದ. ಆ ಹಿರಿಯರು ಅವನನ್ನು ಬಲ್ಲವರು. ತಪ್ಪಿದರೆ ಅವಳ ಹೊಟ್ಟೆಯ ಫಲ ಮಣ್ಣಾಗಲಿ ಅಂತ ಹೇಳಿಸಿದರು.

ಕುರುಗೋಡಿನಿಂದ ಬಂದವನು ಟೇಬಲ್ಲಿನ ಮುಂದೆ ನಿಂತು ಮಿಷನ್ ಚಾಲೂ ಮಾಡಿದ. ರೇಡಿಯೋ ಹಚ್ಚಿರಲಿಲ್ಲ. ಫೋನು ಪವಿತ್ರಾಳ ಜೊತೆ ಹೋಗಿತ್ತಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಕಾಸಿಂ, ನಿನ್ನ ಫೋನಿನ್ಯಾಗ ಹಚ್ಚಪ. ಮ್ಯಾಲಿಂದು" ಅಂದ.

ಕಾಸಿಂ ಅತ್ತೆಯ ಮನೆಗೆ ಅಂತ ಒಮ್ಮೆ ಸಿರುಗುಪ್ಪಕ್ಕೆ ಹೋಗಿಬಂದ. ಬಂದವನೇ, ಯಾರನ್ನೂ ನೋಡದೆ, ಮಿಷನ್ನಿಗೆ ದಾರ ಪೋಣಿಸುತ್ತ ಅಂದ: "ರೈಸ್ ಮಿಲ್ಲಿನ ಹಿಂದಿನ ಓಣ್ಯಾಗ ಹೊಂಟಿದ್ದೆ. ಯಾರದೋ ಕಿಡಕ್ಯಾಗ ನಮ್ಮ ಹಾರನ್ ಸದ್ದು ಕೇಳಿಸ್ತು. ಬಸುರಿ ಹೆಣ್ಮಗಳು ಬ್ಲೌಸ್ ಹೊಲಿಯಾಕತ್ತಿದ್ಲು. ಯಾರೋ ಏನೋ, ನನಗೇನು ಗೊತ್ತು."

ಬಸಣ್ಣ ತಿರುಗಲಿಲ್ಲ. ಆದರೆ ಅವನ ಕಾಲು ಮತ್ತೆ ಕುಣಿಯತೊಡಗಿತು. ಈ ಹಾಡು ಇದೇ ಗಳಿಗೆಯಲ್ಲಿ ಅಲ್ಲೂ ಬರುತ್ತಿದೆ ಅನ್ನುವುದೊಂದೇ ಅವನಿಗೆ ಉಳಿದಿತ್ತು. ಹಾಡು ಚೆನ್ನಾಗಿದ್ದರೆ ನನ್ನ ಕಡೆ ನೋಡಿ, "ಸಿರುಗುಪ್ಪದಾಗೂ ಈಗ ಇದ ನಡದಿರ್ತೈತಿ" ಅನ್ನುತ್ತಿದ್ದ. ಹೆಸರಿನ ಬದಲು ಊರು.

ಆ ರೇಡಿಯೋದಲ್ಲಿ ನಡುನಡುವೆ ಕೇಳುವವರ ದನಿಗಳೂ ಬರುತ್ತಿದ್ದವು. ಯಾರೋ ಹೆಂಗಸು ಏನೋ ಹೇಳಿ ನಗುವುದು, ಹಾರನ್ನಿನವನು ಹೆಸರುಗಳನ್ನು ಒದರುವುದು, ಮತ್ತೆ ಹಾಡು. ತಮ್ಮವರಿಗೆ ನಮಸ್ಕಾರ ಹೇಳಿ ವಾಟ್ಸಾಪಿನಲ್ಲಿ ದನಿ ಕಳಿಸುತ್ತಾರೆ, ಅವರು ಅದನ್ನು ಹಾಕುತ್ತಾರೆ ಅಂತ ಕಾಸಿಂ ಬಿಡಿಸಿ ಹೇಳಿದ ದಿನ ಬಸಣ್ಣ ಊಟಕ್ಕೆ ಕೂಡಲಿಲ್ಲ. ಎಲ್ಲರೂ ಬುತ್ತಿ ಬಿಚ್ಚಿದ ಮೇಲೆ ಕಾಸಿಂನ ಫೋನು ಇಸಕೊಂಡು, ಚಪ್ಪಲಿ ಕಳಚಿ, ಕಟಿಂಗ್ ಟೇಬಲ್ಲಿನ ಮೇಲೆ ಹತ್ತಿ ನಿಂತ. ತಲೆ ಫ್ಯಾನಿಗೆ ತಾಗುತ್ತಿತ್ತು. ಬಗ್ಗಿ ನಿಂತುಕೊಂಡ.

"ಏ ಮಾಸ್ಟರ್, ಏನ್ ಮಾಡಾಕತ್ತೀರಿ?" ಅಂದ ಕಾಸಿಂ.

"ಮಣ್ಣಿನ ಮ್ಯಾಲೆ ನಿಂತು ಹೇಳಂಗಿಲ್ಲ ಅಂದೀನಿ. ಇದು ಮಣ್ಣಲ್ಲ, ಕಟಗಿ. ಹೇಳೋದೂ ಈ ಸೀಮ್ಯಾಗಲ್ಲ. ಆ ದೇಶಕ್ಕ ಹೇಳ್ತೀನಿ, ಅಲ್ಲಿಂದ ಅವ್ರು ಹೇಳ್ತಾರ."

ಆಮೇಲೆ ಫೋನನ್ನು ಬಾಯಿಯ ಹತ್ತಿರ ಹಿಡಿದು ಹೇಳಿದ. ಅಷ್ಟು ದಿನದ ಮೇಲೆ ಆ ಹೆಸರು ಅವನ ಬಾಯಲ್ಲಿ ಕೇಳಿ ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಪವಿತ್ರಾ, ನಾನವ್ವ, ನಿಮ್ಮಪ್ಪ. ಬಳ್ಳಾರಿಯಿಂದ. ಹೊತ್ತಿಗೆ ಸರಿಯಾಗಿ ಉಣ್ಣು. ಭಾಳ ಹೊತ್ತು ಮಿಷನ್ ತುಳಿಬ್ಯಾಡ, ಈಗ ಹಂಗ ತುಳಿಬಾರದು. ನಿನ್ನ ಸೂಜಿ ಡಬ್ಬಿ ಇಟ್ಟಲ್ಲೇ ಐತಿ."

ಕೆಳಗಿಳಿದ ಮೇಲೆ ನಾನಂದೆ, "ಬಸಣ್ಣ, ಸಿರುಗುಪ್ಪಕ್ಕ ತಾಸಿಗೊಂದು ಬಸ್ಸು ಅದಾವ. ಈ ಮಾತು ಭೂಮಿ ಸುತ್ತಿ ಹೋಗ್ಬೇಕೇನು? ನಾನ ಹೋಗಿ ಹೇಳಿಬರ್ತೀನಿ."

"ನೀ ಹೇಳಿದ್ರ ನಾ ಹೇಳಿ ಕಳಸಿದಂಗ ಆತು ಯಕ್ಕಾ. ಅಕಿ ಹೊಟ್ಟಿಗೆ ತಟ್ಟತೈತಿ."

"ರೇಡಿಯೋದಾಗ ಬಂದ್ರ ತಟ್ಟಂಗಿಲ್ಲೇನು?"

"ರೇಡಿಯೋಕ್ಕ ಕುರುಗೋಡು ಗೊತ್ತಿಲ್ಲ" ಅಂದ.

ನಗುವವರು ನಗಲಿ. ನಾನು ನಗಲಿಲ್ಲ. ಅವನು ಮತ್ತೆ ಮತ್ತೆ ಟೇಬಲ್ ಹತ್ತಿದ. ಅಲ್ಲಿಯವರು ಅದನ್ನು ಹಾಕಲಿಲ್ಲ. ಕನ್ನಡದ ಮಾತು ಅವರಿಗೆ ಏನಂತ ತಿಳಿಯಬೇಕು? ಈ ನಡುವೆ ಸಿರುಗುಪ್ಪದಲ್ಲಿ ಪವಿತ್ರಾಳಿಗೆ ಗಂಡು ಕೂಸು ಹುಟ್ಟಿದ ಸುದ್ದಿ ಬಂತು. ನಾನು ಸಕ್ಕರೆ ತಂದು ಬಸಣ್ಣನ ಬಾಯಿಗೆ ಹಾಕಿ, "ಕೂಸು ಗಟ್ಟಿಮುಟ್ಟಾಗೈತಂತ. ಇನ್ನೇನು ಹೆದರಿಕಿ? ಹೆಸರು ಹಿಡಿದು ಕರಿ, ಹೋಗು" ಅಂದೆ. ಅವನು ಸಕ್ಕರೆ ನುಂಗಿ, "ಹೊಟ್ಟಿ ಫಲ ಅಂದ್ರ ಹೊಟ್ಟ್ಯಾಗ ಇರೋದಷ್ಟ ಅಲ್ಲ ಯಕ್ಕಾ. ಹೊರಗ ಬಂದದ್ದೂ ಅದ" ಅಂದ.

ಅದೇ ಹೊತ್ತಿಗೆ ಅವನು ನನ್ನ ಬೆನ್ನು ಹತ್ತಿದ್ದು. ಕಿವುಡ ಮಕ್ಕಳಿಗೆ ತಲೆಯೊಳಗೆ ಮಿಷನ್ ಕೂಡಿಸುತ್ತಾರೆ, ಸರಕಾರದಿಂದ ಆಗುತ್ತದೆ ಅಂತ ಎಲ್ಲೋ ಕೇಳಿಕೊಂಡು ಬಂದಿದ್ದ. ನನಗೆ ಹೆದರಿಕೆ. ಕೂಸಿನ ತಲೆ ಕೊಯ್ಯುವುದೇ? ಇದ್ದ ಹಾಗೆ ಇರಲಿ ಅಂದೆ. ಬಸಣ್ಣ ನನ್ನ ಮೇಲೆ ಸಿಟ್ಟಾದದ್ದು ಅವತ್ತೊಂದೇ ಸಲ.

"ನಿನ್ನ ಮನ್ಯಾಗ ಕರಿಯಾಕ ಬಾಯಿ ಅದಾವ, ಕೇಳಾಕ ಕಿವಿ ಇಲ್ಲ. ಕಿವಿ ತರಬೌದು. ನನ್ನ ಮನ್ಯಾಗ ಕಿವಿ ಐತಿ, ಬಾಯಿ ಇಲ್ಲ. ಇದನ್ನ ಯಾವ ಆಸ್ಪತ್ರ್ಯಾಗ ಹಾಕ್ತಾರ ಹೇಳು? ನಡಿ, ಹೆಸರು ಬರಸು ಹೋಗು."

ಹೋಗಿ ಬರೆಸಿದೆ. ನಮ್ಮ ಪಾಳಿ ಬರಲು ಬಹಳ ದಿನ ಹಿಡಿಯಿತು.

ಹಾಗಿರುವಾಗ ಒಂದು ಬೆಳಿಗ್ಗೆ, ನಾವೆಲ್ಲ ಆಗಷ್ಟೇ ಕೆಲಸಕ್ಕೆ ಕುಂತಿದ್ದೆವು, ಹಾರನ್ನಿನ ಗಂಡಸು ನಗುತ್ತ ನಗುತ್ತ ಏನೋ ಹೇಳಿದ. ಬಳ್ಳಾರಿ ಅನ್ನುವುದನ್ನು ಬಾಯಲ್ಲಿ ಹೊರಳಾಡಿಸಿ ಹೇಳಿದ. ಆಮೇಲೆ ಸ್ಪೀಕರ್ ಡಬ್ಬಿಯಿಂದ ಕನ್ನಡ ಬಂತು. "ಪವಿತ್ರಾ, ನಾನವ್ವ, ನಿಮ್ಮಪ್ಪ."

ಮಿಷನ್ನುಗಳು ಒಂದೊಂದಾಗಿ ನಿಂತವು. ಬಸಣ್ಣ ನೆಲದ ಮೇಲಿದ್ದ. ತನ್ನದೇ ದನಿ ಆ ಹೆಸರು ಹೇಳುವುದನ್ನು ಕೇಳಿ ಅವನು ಗಾಬರಿಯಾಗಿ, ಕಟಿಂಗ್ ಮಿಷನ್ ಬಿಟ್ಟು, ಪಂಚೆ ಕಾಲಿಗೆ ತೊಡರಿಕೊಂಡು, ದಡಬಡ ಟೇಬಲ್ ಹತ್ತಿಬಿಟ್ಟ. ಮಾತು ಮುಗಿದು ಹಾರನ್ನು ಬಂದು, ಹಾಡು ಶುರುವಾಗುವ ತನಕ ಮೇಲೆಯೇ ಬಗ್ಗಿ ನಿಂತಿದ್ದ. ಕಾಸಿಂ ಸೀಟಿ ಹೊಡೆದ. ತೆಲುಗಿನ ಹುಡುಗರು ಚಪ್ಪಾಳೆ ತಟ್ಟಿದರು. ಸಿಂಚನಾ ಡಬ್ಬಿಯ ಮೇಲಿನ ಕೈ ತೆಗೆಯದೆ ಎಲ್ಲರ ಮುಖ ನೋಡಿ ನಕ್ಕಳು.

ಬಸಣ್ಣ ಅವತ್ತು ಕೆಲಸ ಮಾಡಲಿಲ್ಲ. ಮುಖ ತೊಳೆದು ಹೊಸದಾಗಿ ವಿಭೂತಿ ಹಚ್ಚಿಕೊಂಡ. ಮಂಡಕ್ಕಿ ವಗ್ಗರಣೆ, ಮೆಣಸಿನಕಾಯಿ ಬಜ್ಜಿ ತರಿಸಿ ಎಲ್ಲರಿಗೂ ಕೊಟ್ಟ. ಒಂದು ಪೊಟ್ಟಣ ಬೇರೆ ಎತ್ತಿಟ್ಟ. ಸಿರುಗುಪ್ಪದ ಬಸ್ಸು ಎಷ್ಟೊತ್ತಿಗೆ ಬರುತ್ತದೆ ಅಂತ ಕೇಳಿದವರನ್ನೇ ಕೇಳಿದ. ಸಂಜೆಯಾಯಿತು. ಪೊಟ್ಟಣದ ಕಾಗದಕ್ಕೆ ಎಣ್ಣೆ ಜಿನುಗಿ, ಅಚ್ಚಾದ ಸುದ್ದಿಯೆಲ್ಲ ಆರಪಾರ ಕಾಣತೊಡಗಿತು. ಬಾಗಿಲು ಹಾಕುವಾಗ ಅದನ್ನು ಸಿಂಚನಾಳ ಕೈಗೆ ಕೊಟ್ಟು, "ನಾಳಿ ಬರ್ತಾರೇನೋ" ಅಂದ. ನಾಳೆ ಬರಲಿಲ್ಲ. ಆ ವಾರ ಬರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಅವನು ಹೇಳಿ ಕಳಿಸಲಿಲ್ಲ, ನಾನಾಗಿ ಹೋದೆ. ಸಿರುಗುಪ್ಪದ ಆ ಓಣಿಯ ತುಂಬ ಮಿಲ್ಲಿನ ಹೊಟ್ಟು ಹಾರಾಡುತ್ತಿತ್ತು. ಕಿಟಕಿಯಲ್ಲಿ ಅದೇ ತುತ್ತೂರಿ, ಅದೇ ಮರಳಿನ ಡಬ್ಬಿಯ ಸದ್ದು. ಕೇಳಿದ್ದಾಳೆ, ಕೇಳಿಯೂ ಬಂದಿಲ್ಲ ಅಂದುಕೊಂಡು ಸಿಟ್ಟಿನಿಂದಲೇ ಒಳಗೆ ಹೋದೆ. ಪವಿತ್ರಾ ಕೂಸನ್ನು ನನ್ನ ತೊಡೆಯ ಮೇಲೆ ಹಾಕಿದಳು. ಬಸಣ್ಣನ ಮೂಗು, ಬಸಣ್ಣನ ಹಣೆ. ಅಷ್ಟರಲ್ಲಿ ಹಾಡು ನಿಂತು ರೇಡಿಯೋದಲ್ಲಿ ಒಬ್ಬ ಹೆಂಗಸು ಮಾತಾಡಿದಳು. ಹಾರನ್ನಿನ ಗಂಡಸಲ್ಲ.

"ಇದು ನಮ್ಮದಲ್ಲಲ್ಲ?" ಅಂದೆ.

"ಇದು ಕೆಳಗಿಂದು ಯಕ್ಕಾ. ಮ್ಯಾಲಿಂದು ಮೊದಲು ಕೇಳ್ತಿದ್ದೆ. ಆ ಗಂಡಸು ಸಲುದೋಸ್ ಅಂದ ಕೂಡ್ಲೇ ಅಪ್ಪ ಶರಣು ಅಂದಂಗ ಆಗ್ತಿತ್ತು. ಹೊಲಿಗಿ ಕಾಣ್ತಿದ್ದಿಲ್ಲ, ಕಣ್ಣು ತುಂಬ್ತಿತ್ತು. ಬ್ಲೌಸ್ ಎಲ್ಲಾ ಕೆಡ್ತಿದ್ವು. ಅದಕ್ಕ ಕೆಳಗಿಂದು ಹಚ್ಚಿಕೊಂಡೆ. ಹಾಡು ಅವ ಅಲ್ಲ?"

ಹಾಡು ಅವೇ. ಭೂಮಿ ಸುತ್ತಿ ಬಂದ ಅಪ್ಪನ ದನಿ ಮಗ್ಗುಲ ಬಾಗಿಲಿಗೆ ಹೋಗಿತ್ತು.

ನಾನು ಎಲ್ಲವನ್ನೂ ಹೇಳಿದೆ. ಆಣೆ, ಟೇಬಲ್ಲು, ಡಬ್ಬಿಯಿಂದ ಬಂದ ದನಿ, ಮೆಣಸಿನಕಾಯಿಯ ಪೊಟ್ಟಣ. ಅಳುತ್ತಾಳೆ, ಸೀರೆ ಬದಲಿಸಿ ನನ್ನ ಜೊತೆ ಹೊರಡುತ್ತಾಳೆ ಅಂದುಕೊಂಡಿದ್ದೆ. ಅವಳ ಮುಖ ಗಟ್ಟಿಯಾಯಿತು. ಥೇಟು ಅಪ್ಪನ ಹಾಗೆ.

"ಅಪ್ಪ ಟೇಬಲ್ ಮ್ಯಾಲೆ ನಿಂತು ಹೇಳಿದ್ರ ನಾನು ಎಲ್ಲಿ ನಿಂತು ಕೇಳ್ಲಿ? ನನ್ನ ಕೂಸು ನೆಲದ ಮ್ಯಾಲೆ ತೆವಳಾಕತ್ತೈತಿ. ಅದಕ್ಕ ಏನೂ ಆಗಿಲ್ಲ. ಆ ಹಿರ್ಯಾರ ಮಾತಿಗೆ ನಾ ಹೆದರಂಗಿಲ್ಲ, ಅಪ್ಪ ಯಾಕ ಹೆದರ್ಬೇಕು? ನೆಲದ ಮ್ಯಾಲೆ ನಿಂತು ಒಂದ ಒಂದ್ಸಲ ನನ್ನ ಹೆಸರು ಹಿಡಿದು ಕರೀಲಿ. ಯಾರ ಕೈಯಾಗಾರ ಫೋನ್ ಹಚ್ಚಿ ಕರೀಲಿ. ಅವತ್ತ ಬರ್ತೀನಿ. ಇಲ್ಲಾಂದ್ರ ಇಲ್ಲ."

ಬಂದು ಬಸಣ್ಣನಿಗೆ ಹೇಳಿದೆ. ಅವನು ಮೊದಲು ಕೇಳಿದ್ದು, "ಕೆಳಗಿಂದಾ? ಹಂಗಾರ ಅದಕ್ಕೂ ಕಳಸ್ಬೇಕಾತು." ಆಮೇಲೆ ಉಳಿದ ಮಾತು ಅವನೊಳಗೆ ಇಳಿಯಿತು. ನಾನು ಕಾಸಿಂನ ಫೋನಿನಲ್ಲಿ ಪವಿತ್ರಾಳ ನಂಬರು ಒತ್ತಿ ಅವನ ಮುಂದೆ ಹಿಡಿದೆ. ಆ ಕಡೆ ಅವಳು "ಹಲೋ" ಅಂದಳು. ಬಸಣ್ಣ ನೆಲದ ಮೇಲೆ ನಿಂತು ತುಟಿ ಕೂಡಿಸಿದ. ಆ ಹೆಸರಿನ ಮೊದಲ ಅಕ್ಷರಕ್ಕೆ ತುಟಿ ಕೂಡಿಸಲೇಬೇಕು. ಕೂಡಿಸಿದ ತುಟಿ ಬಿಡಿಸಲು ಅವನಿಂದ ಆಗಲಿಲ್ಲ. "ಹಲೋ, ಹಲೋ" ಅಂತ ಅವಳು ಅನ್ನುತ್ತಲೇ ಇದ್ದಳು. ಹಿಂದೆ ಕೂಸು ಏನೋ ಕೂಗುತ್ತಿತ್ತು. ಆ ಕೂಗು ಕೇಳಿದ್ದೇ ಅವನು ಎರಡೂ ನೀಲಿ ಕೈಯಿಂದ ಬಾಯಿ ಮುಚ್ಚಿಕೊಂಡ.

"ಆಗಂಗಿಲ್ಲ ಯಕ್ಕಾ" ಅಂದ, ಫೋನು ಇಟ್ಟ ಮೇಲೆ. "ಒಂದ ವ್ಯಾಳ್ಯಾ ಆ ಆಣಿ ಖರೇ ಇದ್ರ?"

ಕೆಳಗಿನ ಸ್ಟೇಷನ್ನಿಗೂ ಅವನು ಟೇಬಲ್ ಹತ್ತಿ ದನಿ ಕಳಿಸಿದ. ಅವರು ಹಾಕುವ ಮೊದಲೇ ಒಂದು ದಿನ ಹಾಡುಗಳೇ ನಿಂತವು. ಹಾರನ್ನಿಲ್ಲ, ತುತ್ತೂರಿಯಿಲ್ಲ. ಇಬ್ಬರು ಗಂಡಸರು ಬೇಸರದ ದನಿಯಲ್ಲಿ ಮಾತಾಡುತ್ತಿದ್ದರು. ಮೇಲಿನದರಲ್ಲೂ ಅವರೇ, ಕೆಳಗಿನದರಲ್ಲೂ ಅವರೇ.

"ಮಾರಿಬಿಟ್ಟಾರಂತ ಮಾಸ್ಟರ್. ಎಲ್ಲಾ ಬ್ರಾಂಚೂ" ಅಂದ ಕಾಸಿಂ.

"ಮಾತು ಮುಗೀಲಿ ತಡಿ. ಹಾಡು ಹಾಕ್ತಾರ" ಅಂದ ಬಸಣ್ಣ. ದಿನಗಟ್ಟಲೆ ಆ ಮಾತನ್ನೇ ಹಚ್ಚಿಟ್ಟುಕೊಂಡು ಬಟ್ಟೆ ಕತ್ತರಿಸಿದ. ಹುಡುಗರು ಮತ್ತೆ ತೆಲುಗು ಹಾಡು, ಹಿಂದಿ ಹಾಡು ಅಂತ ಜಗಳ ಶುರುಮಾಡಿದರು. ಸೊಂಟದಿಂದ ಕೆಳಗಿನ ಬಸಣ್ಣನೂ ಕಲ್ಲಾದ.

ಅವನನ್ನು ಕೊನೆಯ ಸಲ ನೋಡಿದ್ದು ಹೋದ ತಿಂಗಳು, ಸಿಂಚನಾಳ ಆಪರೇಷನ್ನಿಗೆ ಹೊರಡುವ ಹಿಂದಿನ ದಿನ. ಕೂಸನ್ನು ಟೇಬಲ್ಲಿನ ಮೇಲೆ ಕೂಡಿಸಿದ. ಅವಳು ರೂಢಿಯಂತೆ ಡಬ್ಬಿಯ ಮೇಲೆ ಕೈಯಿಟ್ಟಳು. ರೇಡಿಯೋದ ಆ ಇಬ್ಬರು ಗಂಡಸರ ಮಾತು ಅವಳ ಅಂಗೈಗೆ ಏನೂ ಅನ್ನಿಸಲಿಲ್ಲ. ಕೈ ತೆಗೆದು, ಬಸಣ್ಣನ ಎದೆಯ ಮೇಲೆ ಇಟ್ಟಳು. ಅವನು ಅಲುಗದೆ ನಿಂತಿದ್ದ.

"ಹೋಗಿ ಬಾರವ್ವ. ನೀ ಕೇಳು. ಕೇಳಿದ್ದನ್ನ ಬಂದು ನನಗ ಹೇಳು."

ನಾವು ಆಸ್ಪತ್ರೆಯಲ್ಲಿರುವಾಗಲೇ ಅವನು ಹೋದ. ಟೇಬಲ್ಲಿಗೆ ಒರಗಿ ಹಾಗೇ ಕುಸಿದನಂತೆ. ಎದೆ ನಿಂತಿತ್ತು. ಕುರುಗೋಡಿನಲ್ಲಿ ಮಣ್ಣು ಮಾಡಿದರು. ಪವಿತ್ರಾ ಬಂದಿದ್ದಳಂತೆ, ಕಾಸಿಂ ಹೇಳಿದ. ಹಿರಿಯರು ತಡೆಯಲಿಲ್ಲ, ಮಾತಾಡಿಸಲೂ ಇಲ್ಲ. ಮುಷ್ಟಿ ತುಂಬ ಮಣ್ಣು ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದಳಂತೆ. ಎಲ್ಲರೂ ಹಾಕಿ ಮುಗಿಸಿದ ಮೇಲೆ, "ಅಪ್ಪಾ" ಅಂತ ಒಮ್ಮೆ ಕರೆದು, ಕೈ ಬಿಚ್ಚಿದಳಂತೆ.

ಇವತ್ತು ಮಧ್ಯಾಹ್ನ ಅವಳಿಗೆ ಫೋನ್ ಮಾಡಿ ಸಿಂಚನಾಳ ಸುದ್ದಿ ಹೇಳಿದೆ.

"ಚಲೋ ಆತು ಯಕ್ಕಾ" ಅಂದಳು. ಆಮೇಲೆ, "ಮೊದಲು ಏನಂತ ಕರದ್ರಿ?" ಅಂದಳು.

"ಹೆಸರು ಹಿಡಿದು."

ಆ ಕಡೆ ಮಿಲ್ಲಿನ ಸದ್ದು ಕೇಳುತ್ತಿತ್ತು. ಕಿಟಕಿಯಲ್ಲಿ ಹಾಡು ಇರಲಿಲ್ಲ.

ಸಂಜೆ ಸೊಸೆ ಹೋಳಿಗೆ ಮಾಡಿದಳು. ಎಣ್ಣೆಗಾಯಿ, ರೊಟ್ಟಿ, ಶೇಂಗಾ ಹಿಂಡಿ, ಹಪ್ಪಳ. ಎಲ್ಲರೂ ನಡುಮನೆಯಲ್ಲಿ ನೆಲದ ಮೇಲೆ ಸುತ್ತಾಗಿ ಕುಂತೆವು, ನಡುವೆ ಸಿಂಚನಾ. ತಾಟು ಇಟ್ಟ ಸದ್ದಿಗೆ ಬೆಚ್ಚಿದಳು. ಹಪ್ಪಳ ಮುರಿದರೆ ಬಗ್ಗಿ ನೋಡಿದಳು. ಬೆಳಿಗ್ಗೆ ಕರೆಯಲಾಗದಿದ್ದ ಸೊಸೆ ಈಗ ತುಪ್ಪ ಬಡಿಸುತ್ತ "ಸಿಂಚೂ" ಅಂದಳು. ಕೂಸು ಅವಳ ಕಡೆ ತಿರುಗಿತು. ಮಲ್ಲೇಶ ಈ ಕಡೆಯಿಂದ "ಸಿಂಚೂ" ಅಂದ. ಇವನ ಕಡೆ ತಿರುಗಿತು. ಮತ್ತೆ ಅವಳು, ಮತ್ತೆ ಇವನು. ಹೋಳಿಗೆ ಆರಿ ತಣ್ಣಗಾಯಿತು.

"ಕೂಸಿಗೆ ಉಣ್ಣಾಕ ಬಿಡ್ರೆಲೇ, ಕುತ್ತಿಗಿ ನೋಯ್ತೈತಿ" ಅಂತ ಬೈದೆ. ಬೈದು, ತುತ್ತು ತಾಟಿನಲ್ಲೇ ಇಟ್ಟು, ಎರಡೂ ಅಂಗೈ ನೆಲಕ್ಕೆ ಊರಿ, ನಾನೂ ಒಮ್ಮೆ ಹೆಸರು ಹಿಡಿದು ಕರೆದೆ.